ಮೊದಲ ಏಟಿನ ಜಾಗ

ಮಾರ್ಚ್ 3, ಭಾನುವಾರ

ಅಣ್ಣ ಬೈಗುಳವನ್ನು ತಡೆದುಕೊಳ್ಳುತ್ತಾನೆ. ಹೊಗಳಿದರೇ ಕಷ್ಟ.

ಈಜುಕೊಳದ ಹೋಟೆಲಿನ ಮ್ಯಾನೇಜರು ಇವತ್ತು ಹೊಗಳಿಬಿಟ್ಟರು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ಆ ಕೊಳದ ಪಕ್ಕ, ದೊಡ್ಡ ಛತ್ರಿಗಳ ಕೆಳಗೆ ಊಟ ಮಾಡುವವರ ಮುಂದೆ, ನಮ್ಮ ತಂಡ ಜಮೈಕಾ ಕಡೆಯ ರೆಗ್ಗೆ ಸಂಗೀತ ನುಡಿಸುತ್ತಿದೆ. ತಂಡಕ್ಕೆ ಈಗ ಇಪ್ಪತ್ತೊಂದು ವರ್ಷ. ಅಣ್ಣನದು ಹಾಡು ಮತ್ತು ಗಿಟಾರು, ಅತ್ತಿಗೆಯದು ಕೀಬೋರ್ಡು, ನನ್ನದು ಬೇಸ್ ಗಿಟಾರು. ಡ್ರಮ್ಸ್ ಬಾರಿಸುವವನು ಅಣ್ಣನ ಶಾಲೆಯ ಗೆಳೆಯ. ಲಿಫ್ಟ್ ರಿಪೇರಿ ಅವನ ಕಸುಬು. ಒಳಗೆ ನಾಲ್ಕು ಜನ ಸಿಕ್ಕಿಕೊಂಡಿದ್ದಾರೆ ಎಂದು ಫೋನ್ ಬಂದರೂ ಕಾಫಿ ಮುಗಿಸಿಯೇ ಏಳುತ್ತಾನೆ, ಹಾಗಾಗಿ ಅವನಿಗೆ ನಿಧಾನಿ ಎಂದೇ ಹೆಸರು.

ಕೊನೆಯ ಹಾಡಾದ ಮೇಲೆ ಮ್ಯಾನೇಜರು ಬಂದು ಅಣ್ಣನ ಕೈ ಕುಲುಕಿದರು. "ನಿಮ್ಮದು ಎಷ್ಟು ಚೆನ್ನಾಗಿದೆ ಅಂದ್ರೆ ಸಾರ್, ಸಂಗೀತ ನಡೀತಾ ಇದೆ ಅಂತಾನೇ ಗೊತ್ತಾಗಲ್ಲ!"

ವ್ಯಾನಿನಲ್ಲಿ ಅಣ್ಣ ಹಾರ್ನ್ ಒತ್ತುತ್ತಲೇ ಮೂರು ಸಿಗ್ನಲ್ಲು ದಾಟಿದ. ನಾಲ್ಕನೆಯದರಲ್ಲಿ, ಕೆಂಪು ದೀಪ ನೋಡುತ್ತ, "ಇನ್ಮೇಲೆ ಮೆಟಲ್" ಎಂದ.

"ಯಾವ ಮೆಟಲ್ಲು?" ಎಂದರು ಅತ್ತಿಗೆ. "ಸ್ಟೀಲಾ, ತಾಮ್ರಾನಾ?"

"ಹೆವಿ ಮೆಟಲ್. ಯಾರು ಗೊತ್ತಾಗಲ್ಲ ಅಂತಾರೋ ನೋಡೋಣ."

ಹೆವಿ ಮೆಟಲ್ ಎಂದರೆ ಕಪ್ಪು ಅಂಗಿ, ಕಾರಣವಿಲ್ಲದ ಸಿಟ್ಟು, ಗಂಟಲಿನ ತಳದಿಂದ ಗೂಳಿಯ ಗುಟುರು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು, ನನಗೆ ನಲವತ್ನಾಲ್ಕು. ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು "ಪರವಾಗಿಲ್ಲ, ನೋಡೋಣ" ಎಂದೆ.

ಯಾವುದು ಪರವಾಗಿಲ್ಲ ಎಂದು ಈಗ ಬರೆಯಲು ಕುಳಿತರೆ ಗೊತ್ತಾಗುತ್ತಿಲ್ಲ.

ಮಾರ್ಚ್ 10, ಭಾನುವಾರ

ಹೋಟೆಲಿಗೆ ರಜೆ ಹೇಳಿ ಅಭ್ಯಾಸ. ಅಣ್ಣನ ಹಾಸಿಗೆ ಅಂಗಡಿಯ ಹಿಂದಿನ ಗೋದಾಮೇ ನಮ್ಮ ಅಭ್ಯಾಸದ ಜಾಗ. ನಾಲ್ಕು ಗೋಡೆಗೂ ಪ್ಲಾಸ್ಟಿಕ್ ಹೊದಿಕೆಯ ಫೋಮ್ ಹಾಸಿಗೆಗಳು ಒರಗಿವೆ. ಎಷ್ಟು ಗದ್ದಲ ಮಾಡಿದರೂ ಅವು ನುಂಗಿಕೊಳ್ಳುತ್ತವೆ. ಬೆನ್ನುಮೂಳೆಗೆ ಹಿತವಾದ ಹಾಸಿಗೆಗಳ ನಡುವೆ ನಿಂತು ಅಣ್ಣ ನರಕದ ಬಗ್ಗೆ ಹಾಡಿದ. ಆ ನರಕಕ್ಕೂ ಐದು ವರ್ಷದ ವಾರಂಟಿ ಇದ್ದ ಹಾಗಿತ್ತು.

ನಮ್ಮ ಕಷ್ಟ ಶುರುವಾಗಿದ್ದು ಎಣಿಕೆಯಲ್ಲಿ. ರೆಗ್ಗೆಯಲ್ಲಿ ನಾಲ್ಕರ ಎಣಿಕೆಯಲ್ಲಿ ಮೊದಲನೆಯದನ್ನು ಬಿಟ್ಟುಬಿಡುತ್ತೇವೆ. ಬೇರೆ ಸಂಗೀತದವರೆಲ್ಲ ಧಡ್ ಎಂದು ಬಂದು ಬೀಳುವ ಜಾಗದಲ್ಲಿ ನಾವು ಸುಮ್ಮನಿರುತ್ತೇವೆ. ಡ್ರಮ್ಮಿನ ಏಟು ಮೂರರ ಮೇಲೆ. ಕೇಳುವವರ ಸೊಂಟ ತೂಗುವುದೇ ಆ ಖಾಲಿ ಜಾಗದಿಂದ. ಮೆಟಲ್ಲಿನಲ್ಲಿ ಹಾಗಲ್ಲ, ಆ ಮೊದಲನೆಯದೇ ಸರ್ವಸ್ವ. ಎಲ್ಲರೂ ಸೇರಿ ಅದರ ಮೇಲೆ ಬೀಳಬೇಕು, ಛಾವಣಿ ಕುಸಿದ ಹಾಗೆ.

ಅಣ್ಣ ಕೈ ಎತ್ತಿ "ಒಂದು!" ಎಂದು ಅಬ್ಬರಿಸಿದ. ನಾಲ್ವರೂ ಮರ್ಯಾದೆಯಿಂದ ಸುಮ್ಮನಿದ್ದೆವು. ಅವನೂ.

"ಯಾಕೋ ನಿಧಾನಿ, ಹೊಡೀಲಿಲ್ಲ?"

"ಕೈ ಹೋಗಲ್ಲ ಗುರುವೇ. ಇಪ್ಪತ್ತೊಂದು ವರ್ಷದಿಂದ ಅಲ್ಲಿ ಏನೂ ಇಟ್ಟಿಲ್ಲ ನಾನು. ಬೇರೆಯವರ ಮನೆಗೆ ಚಪ್ಪಲಿ ಹಾಕ್ಕೊಂಡು ನುಗ್ಗಿದ ಹಾಗಾಗುತ್ತೆ."

ಹನ್ನೆರಡು ಸಲ ಪ್ರಯತ್ನಿಸಿದೆವು. ಹನ್ನೆರಡು ಸಲವೂ ಒಳ್ಳೆಯ ಮನೆತನದವರ ಹಾಗೆ ನಡೆದುಕೊಂಡೆವು.

ಮಾರ್ಚ್ 14, ಗುರುವಾರ

ಸುದ್ದಿ ಹರಡಿದೆ. ನಮ್ಮ ಅಭಿಮಾನಿಗಳೆಂದರೆ ಒಟ್ಟು ಅರವತ್ತು ಜನ ಇರಬಹುದು. ಅವರಲ್ಲಿ ಎರಡು ಪಕ್ಷ ಆಗಿದೆಯಂತೆ. ಮೂವತ್ತು ಮೂವತ್ತು ಜನರ ಪಕ್ಷಗಳು ದೇಶ ಇಬ್ಭಾಗವಾದಂತೆ ಮಾತಾಡುತ್ತಿವೆ. ಒಂದು ಕಡೆಯ ನಾಯಕರು ಟೋಪಿ ಯಜಮಾನರು. ಬಣ್ಣದ ಪಟ್ಟೆಯ ಹೆಣೆದ ಟೋಪಿ ಇಲ್ಲದೆ ಅವರನ್ನು ನಾನು ನೋಡಿಲ್ಲ. ನಿವೃತ್ತ ಅಂಚೆ ಅಧಿಕಾರಿ, ನಮ್ಮ ಮೊದಲ ಕಾರ್ಯಕ್ರಮದಿಂದಲೂ ಮುಂದಿನ ಸಾಲಿನಲ್ಲೇ ಕೂತವರು. ಪ್ರತಿ ಸಲ ಬಂದು "ರೆಗ್ಗೆ ಅಂದ್ರೆ ಬೇಸು, ಬೇಸು ಅಂದ್ರೆ ನೀವು" ಎನ್ನುತ್ತಾರೆ. ನನ್ನನ್ನು ಗಮನಿಸಿದ ಏಕೈಕ ಮನುಷ್ಯ ಎಂದು ನನಗೆ ಅವರ ಮೇಲೆ ಗೌರವ.

ಅವರು ಅಣ್ಣನಿಗೆ ಒಂಬತ್ತು ಪುಟದ ಪತ್ರ ಬರೆದಿದ್ದಾರೆ. "ತಾಯಿಗೆ ಮಾಡಿದ ದ್ರೋಹ" ಎಂಬ ಮಾತು ನಾಲ್ಕು ಕಡೆ ಬರುತ್ತದೆ. ಯಾರ ತಾಯಿ ಎಂದು ಹೇಳಿಲ್ಲ.

ಹೊಸ ಹೆಸರಿನ ಚರ್ಚೆಯೂ ನಡೆಯಿತು. ಅಣ್ಣ "ಮೃತ್ಯುಘಂಟೆ" ಎಂದ.

"ರೀ, ಅಂಗಡಿ ಬೋರ್ಡಿನ ಪಕ್ಕ ಮೃತ್ಯುಘಂಟೆ ಅಂತ ಹಾಕಿದ್ರೆ ಹಾಸಿಗೆ ಯಾರು ತಗೋತಾರೆ?" ಎಂದರು ಅತ್ತಿಗೆ.

"ಜಾಸ್ತಿ ಹೋಗುತ್ತೆ ಅತ್ಗೆ," ಎಂದ ನಿಧಾನಿ. "ಮಲಗಿದ್ರೆ ಏಳೋದೇ ಇಲ್ಲ ಅಂತ."

ಮಾರ್ಚ್ 24, ಭಾನುವಾರ

ಮೊದಲ ಮೆಟಲ್ ಕಾರ್ಯಕ್ರಮಕ್ಕೆಂದು ಅಣ್ಣ ಜೂನ್ ಒಂದಕ್ಕೆ ಹಳೆಯ ಸಿನಿಮಾ ಮಂದಿರ ಗೊತ್ತುಮಾಡಿದ್ದಾನೆ.

ಅಭ್ಯಾಸ ಮುಗಿದ ಮೇಲೆ ನನ್ನನ್ನು ಎರಡು ಮಂಚದ ಹಾಸಿಗೆಗಳ ಮರೆಗೆ ಕರೆದ. "ಪುಟ್ಟಿ, ನೇರವಾಗಿ ಹೇಳ್ತೀನಿ. ನಿನ್ನ ಬೆರಳು ನಿಧಾನ. ಮೆಟಲ್ಲಿಗೆ ಸಾಲಲ್ಲ. ವಾದ್ಯದಂಗಡಿಯವನು ಒಬ್ಬನಿದಾನೆ, ಬೆರಳು ಮೆಷಿನ್ನು. ಜೂನ್‌ವರೆಗೆ ನೋಡ್ತೀನಿ. ನೀನು ಒಂದರ ಮೇಲೆ ಬರೋದು ಕಲಿತ್ರೆ ಸರಿ. ಇಲ್ಲಾಂದ್ರೆ ಅವನನ್ನ ಹಾಕ್ಕೋತೀನಿ."

"ಪರವಾಗಿಲ್ಲ ಅಣ್ಣ."

"ನೀನು ಬೇಜಾರು ಮಾಡ್ಕೊಳಲ್ಲ ಅಂತ ಗೊತ್ತಿತ್ತು" ಎಂದು ತಲೆ ಸವರಿದ.

ಬೇಜಾರು ಮಾಡಿಕೊಂಡಿಲ್ಲ. ತಂಡ ಅವನದು, ನಿರ್ಧರಿಸುವ ಹಕ್ಕು ಅವನಿಗಿದೆ. ನಾನು ತಂಡ ಸೇರಿದ್ದೂ ಅವನಿಗೆ ಬೇಸ್ ನುಡಿಸುವವರು ಸಿಗದೆ, "ನಾಲ್ಕೇ ತಂತಿ, ನೀನೂ ಕಲೀಬಹುದು" ಎಂದಿದ್ದಕ್ಕೆ. ಆದರೂ ಮನೆಗೆ ಬಂದು ಬಟ್ಟೆ ಮಡಚುವಾಗ ಯೋಚಿಸಿದೆ. ಕೆಲಸದ ಕ್ಲಿನಿಕ್ಕಿನಲ್ಲಿ ನಾನು ಮೇಡಂ, ಮನೆಯಲ್ಲಿ ಅಮ್ಮ, ಸೊಸೆ. ಹೆಗಲಿಗೆ ಬೇಸ್ ಗಿಟಾರಿನ ಪಟ್ಟಿ ಹಾಕಿಕೊಂಡಾಗ ಮಾತ್ರ ನಾನು ಯಾರಿಗೂ ಏನೂ ಅಲ್ಲ. ಅದೊಂದೇ ಜಾಗ ಇರುವುದು. ಅದನ್ನು ವಾದ್ಯದಂಗಡಿಯವನಿಗೆ ಕೊಡುವುದಾದರೆ ಕೊಡಬೇಕು. ಆದರೆ ಕಲಿಯದೆ ಕೊಡುವುದು ಸರಿಯಲ್ಲ.

ಇವರು ಉತ್ತರಪತ್ರಿಕೆ ತಿದ್ದುತ್ತಿದ್ದರು. (ಗಣಿತದ ಮೇಷ್ಟರು, ಮನೆಯಲ್ಲೂ ಹೆಜ್ಜೆ ಹೆಜ್ಜೆಗೂ ಅಂಕ ಕೊಡುತ್ತಾರೆ.) ವಿಷಯ ಹೇಳಿದೆ. "ಅಲ್ಲ ಕಣೇ, ನೀನು ಪರವಾಗಿಲ್ಲ ಅಂದ್ಯಾ?" ಎಂದರು. ಹೌದೆಂದೆ. ಕೆಂಪು ಪೆನ್ನಿನಿಂದ ಯಾವುದೋ ಮಗುವಿಗೆ ಸೊನ್ನೆ ಹಾಕಿದರು. ನನಗೆ ಹಾಕಿದ ಹಾಗೆನಿಸಿತು.

ಏಪ್ರಿಲ್ 2, ಮಂಗಳವಾರ

ಅಣ್ಣ ಗುಟುರು ಹಾಕಿದಾಗಲೆಲ್ಲ ಅರ್ಧಗಂಟೆ ಕೆಮ್ಮುತ್ತಾನೆ. ಗಂಟಲಿಗೆ ಏನಾಗುತ್ತಿದೆ ಎಂದು ತಿಳಿದರೆ ಸಹಾಯ ಮಾಡಬಹುದು ಎಂದುಕೊಂಡೆ. ಕಿವಿ ಮೂಗು ಗಂಟಲಿನ ಕ್ಲಿನಿಕ್ಕಿನಲ್ಲಿ ಹದಿನೇಳು ವರ್ಷದಿಂದ ಜನರ ಶ್ರವಣ ಪರೀಕ್ಷೆ ಮಾಡುತ್ತಿರುವವಳು ಅಷ್ಟು ಮಾಡದಿದ್ದರೆ ಹೇಗೆ? ಊಟದ ಬಿಡುವಿನಲ್ಲಿ ಪರೀಕ್ಷೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಪಾಟಿನಷ್ಟೇ ದೊಡ್ಡ ಕೋಣೆ, ಗೋಡೆಗೆಲ್ಲ ತೂತಿನ ಫಲಕ. ಒಳಗೆ ಕೂತರೆ ಸ್ವಂತ ರಕ್ತ ಹರಿಯುವುದು ಕೇಳಿಸುತ್ತದೆ.

ಹೊಟ್ಟೆಯಿಂದ ಉಸಿರೆತ್ತಿ, ಗಂಟಲು ಸಡಿಲ ಬಿಟ್ಟು, ಒಂದು ಸಲ ಮಾಡಿ ನೋಡಿದೆ. ಅಧ್ಯಯನಕ್ಕಾಗಿ.

ಶಬ್ದದ ಮೀಟರು ನೂರಾ ಎರಡು ಡೆಸಿಬಲ್ ತೋರಿಸಿತು. ಮೀಟರು ಕೆಟ್ಟಿರಬೇಕು. ಇನ್ನೊಂದು ಸಲ ಮಾಡಿದೆ: ನೂರಾ ನಾಲ್ಕು. ಖಂಡಿತ ಕೆಟ್ಟಿದೆ. ಕಂಪನಿಯವರಿಗೆ ಫೋನ್ ಮಾಡಬೇಕು.

ಬಾಗಿಲು ತೆರೆದರೆ ರಿಸೆಪ್ಷನ್ನಿನವಳು ಪೊರಕೆ ಹಿಡಿದು ನಿಂತಿದ್ದಾಳೆ. "ಮೇಡಂ, ಒಳಗೆ ನಾಯಿ ಗೀಯಿ ಬಂದಿದ್ಯಾ?"

"ಇಲ್ಲಮ್ಮ, ಯಂತ್ರ ಪರೀಕ್ಷೆ ಮಾಡ್ತಿದ್ದೆ."

ಶಾಲೆಯಲ್ಲಿ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದು ನೆನಪಾಯಿತು: ಒಳ್ಳೆಯ ಹುಡುಗಿಯ ದನಿ ತನ್ನ ಬೆಂಚಿನಾಚೆ ಹೋಗಬಾರದು. ಅವರು ಈಗ ಇಲ್ಲ. ಇದ್ದಿದ್ದರೆ ಎಷ್ಟನೇ ಬೆಂಚಿನವರೆಗೆ ಹೋಯಿತು ಎಂದು ಕೇಳಬಹುದಿತ್ತು.

ಗಂಟಲು ಮಾತ್ರ ಒಂದಿಷ್ಟೂ ನೋಯಲಿಲ್ಲ. ಅಣ್ಣ ತಪ್ಪು ವಿಧಾನ ಅನುಸರಿಸುತ್ತಿದ್ದಾನೆ.

ಏಪ್ರಿಲ್ 7, ಭಾನುವಾರ

ಅಣ್ಣನಿಗೆ ಸಾಹಿತ್ಯ ಬೇಕು. ಇಪ್ಪತ್ತೊಂದು ವರ್ಷ ಸೂರ್ಯ, ಅಲೆ, ಪ್ರೀತಿ, "ಏಳಿ ಎದ್ದೇಳಿ" ಎಂದು ಬರೆದ ಕೈಗೆ ಸಿಟ್ಟು ಬರುತ್ತಿಲ್ಲ. "ನೀನು ಪುಸ್ತಕ ಓದ್ತೀಯಲ್ಲ, ಏನಾದ್ರೂ ಗೀಚು" ಎಂದಿದ್ದ.

ಗೀಚಿದೆ. ಸಿಟ್ಟಿನ ಮಾತು ನನಗೂ ತೋಚಲಿಲ್ಲ. ಅದಕ್ಕೇ ನಾನು ದಿನಾ ಆಡುವ ಮಾತುಗಳನ್ನೇ ಒಂದರ ಕೆಳಗೆ ಒಂದು ಬರೆದೆ: ಪರವಾಗಿಲ್ಲ. ನೀವು ಮೊದಲು ಊಟ ಮಾಡಿ. ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ನನಗೇನೂ ಬೇಡ. ಪರವಾಗಿಲ್ಲ.

ಅಣ್ಣ ಓದಿ ಹಾಳೆ ತಿರುಗಿಸಿ ಹಿಂದೆಯೂ ನೋಡಿದ. "ಇದೇನೇ ಇದು, ರೈಲಿನಲ್ಲಿ ಕೇಳೋ ಮಾತು? ರಕ್ತ ಎಲ್ಲಿ? ಬೆಂಕಿ ಎಲ್ಲಿ?"

ನಿಧಾನಿ ಮಾತ್ರ ಹಾಳೆ ಇಸಿದುಕೊಂಡು ಎರಡು ಸಲ ಓದಿದ. ಕಾಫಿ ಆರುತ್ತಿದ್ದರೂ ಓದಿದ. "ತಾಯಿ, ಇದು ನಂಗೆ ಹೆದರಿಕೆ ಬರೋ ಹಾಗಿದೆ" ಎಂದ.

ಕೊನೆಗೆ ಅಣ್ಣ ತಾನೇ ಬರೆದ. ಹಾಡಿನ ಹೆಸರು "ಸರ್ವನಾಶ". ಅದರಲ್ಲಿರುವುದೂ ಅದೊಂದೇ ಪದ, ಇಪ್ಪತ್ತಾರು ಸಲ.

ಏಪ್ರಿಲ್ 11, ಗುರುವಾರ

ನೂರಾ ಆರು. ಮೀಟರು ಇನ್ನೂ ರಿಪೇರಿಗೆ ಹೋಗಿಲ್ಲ.

ಏಪ್ರಿಲ್ 18, ಗುರುವಾರ

ಟೋಪಿ ಯಜಮಾನರು ಕ್ಲಿನಿಕ್ಕಿಗೆ ಬಂದಿದ್ದರು. ಹೆಂಡತಿ ಬಲವಂತ ಮಾಡಿ ಕಳಿಸಿದ್ದಂತೆ. ಒಳಗೆ ಕೂರಿಸಿ, ಟೋಪಿ ತೆಗೆಸಿ (ಒಳಗೆ ತಲೆ ಇತ್ತು, ಅಷ್ಟೇ), ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟೆ. ಶಬ್ದ ಕೇಳಿಸಿದಾಗ ಒತ್ತಬೇಕು, ಇಷ್ಟೇ ಕೆಲಸ.

ಮೇಲಿನ ಧ್ವನಿಗಳೆಲ್ಲ ಅವರಿಗೆ ಚೆನ್ನಾಗಿ ಕೇಳಿಸಿದವು. ಕೆಳಗಿನ ಮಂದ್ರ ಧ್ವನಿಗಳಿಗೆ ಬಂದೆ. ಗುಂಡಿ ಅಲುಗಲಿಲ್ಲ. ಜೋರು ಮಾಡಿದೆ. ಇಲ್ಲ. ಇನ್ನೂ ಜೋರು. ಅವರು ಶಾಂತವಾಗಿ ಗೋಡೆ ನೋಡುತ್ತಿದ್ದರು. ನಾನು ಶಬ್ದವನ್ನೇ ನಿಲ್ಲಿಸಿ ಪೆನ್ನು ಕೈಗೆತ್ತಿಕೊಂಡೆ. ಅದನ್ನು ಕೋಣೆಯ ಗಾಜಿನ ಕಿಟಕಿಯಲ್ಲಿ ನೋಡಿ, ಪಾಸಾಗಬೇಕೆಂಬ ಆಸೆಯಿಂದ, ಟಕ್ ಟಕ್ ಎಂದು ಎರಡು ಸಲ ಒತ್ತಿದರು.

ಬೇಸ್ ಗಿಟಾರು ಇರುವುದೇ ಆ ಕೆಳಗಿನ ಜಾಗದಲ್ಲಿ. ಡಾಕ್ಟರು ನಕ್ಷೆ ನೋಡಿ, "ಇದು ಹಳೇದು, ಇಪ್ಪತ್ತೈದು ಮೂವತ್ತು ವರ್ಷದ್ದು" ಎಂದರು.

ಹೊರಡುವಾಗ ಯಜಮಾನರು ನನ್ನ ಕೈ ಹಿಡಿದು, "ನಿಮ್ಮಣ್ಣನಿಗೆ ಹೇಳಿ, ಆ ಬೇಸನ್ನ ಕಳ್ಕೊಂಡ್ರೆ ನಾನು ಬದುಕಿದ್ದೂ ಸತ್ತ ಹಾಗೆ" ಎಂದರು.

ರೋಗಿಯ ವಿಷಯ ಯಾರಿಗೂ ಹೇಳುವಂತಿಲ್ಲ, ಇವರಿಗೂ ಹೇಳಿಲ್ಲ. ಇಪ್ಪತ್ತೊಂದು ವರ್ಷ ನನ್ನನ್ನು ಕೇಳಿದ ಒಬ್ಬನೇ ಒಬ್ಬ ಮನುಷ್ಯ. ಸಿಟ್ಟು ಬಂದಿತೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ನಗು ಬಂದಿತು. ಆಮೇಲೆ ಊಟದ ಬಿಡುವಿನಲ್ಲಿ ಎಂದಿನ ಐದು ನಿಮಿಷದ ಬದಲು ಇಪ್ಪತ್ತು ನಿಮಿಷ ಒಳಗಿದ್ದೆ. ರಿಸೆಪ್ಷನ್ನಿನವಳು ಈಗ ಪೊರಕೆ ತರುವುದಿಲ್ಲ. ಬಾಗಿಲಿಗೆ "ಪರೀಕ್ಷೆ ನಡೆಯುತ್ತಿದೆ" ಎಂಬ ಬೋರ್ಡು ಸಿಕ್ಕಿಸುತ್ತಾಳೆ.

ಏಪ್ರಿಲ್ 28, ಭಾನುವಾರ

ಬೆರಳು ಮೊದಲಿಗಿಂತ ವೇಗವಾಗಿದೆ. ಬೆಳಿಗ್ಗೆ ನೀರು ಕಾಯುವಷ್ಟು ಹೊತ್ತು, ಹಾಲು ಕಾಯುವಷ್ಟು ಹೊತ್ತು, ನುಡಿಸುತ್ತೇನೆ. ಹಾಲು ಉಕ್ಕಿದ್ದು ಮೂರು ಸಲ. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೂ ನನಗೆ ಕೇಳಿಸಿರಲಾರದು.

ಅಣ್ಣನಿಗೆ ಹೇಳಿದೆ: "ಗಂಟಲು ಬಿಗಿ ಹಿಡೀಬೇಡ. ಕೆಳಗಿನಿಂದ ಬಿಡು."

"ನಿಂಗೇನೇ ಗೊತ್ತು?"

"ಎಲ್ಲೋ ಓದಿದೆ."

"ಓದಿ ಬರೋ ವಿದ್ಯೆ ಅಲ್ಲ ಪುಟ್ಟಿ ಇದು. ಒಳಗೆ ಬೆಂಕಿ ಇರಬೇಕು." ಹೀಗೆಂದು ಜೇನುತುಪ್ಪ ನೆಕ್ಕಿದ.

ಮೇ 9, ಗುರುವಾರ

ಅಣ್ಣನನ್ನು ನಮ್ಮ ಡಾಕ್ಟರಿಗೆ ತೋರಿಸಿದೆ. ಧ್ವನಿತಂತುಗಳ ಮೇಲೆ ಬಾವು. ತಿಂಗಳು ಪೂರ್ತಿ ಮೌನವಾಗಿರಬೇಕಂತೆ. ಅಣ್ಣ ಡಾಕ್ಟರಿಗೆ ಜೂನ್ ಒಂದರ ಬಗ್ಗೆ ಹೇಳಿದ. ಡಾಕ್ಟರು ಮೆಟಲ್ ಎಂದರೇನು ಎಂದು ಕೇಳಿದರು. ಅಣ್ಣ ಮಾಡಿ ತೋರಿಸಿದ. ಡಾಕ್ಟರು, "ಬಾವು ಇರೋ ಕಡೆ ಇನ್ನೊಂದು ಸಲ ನೋಡ್ತೀನಿ, ಬಾಯಿ ತೆಗೀರಿ" ಎಂದರು.

ಕಾರ್ಯಕ್ರಮ ಮುಗಿಯುವವರೆಗೆ ಮೌನವಿಲ್ಲ ಎಂದು ಹಟ ಹಿಡಿದಿದ್ದಾನೆ. ಅತ್ತಿಗೆ, "ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಒಂದು ತಿಂಗಳು ಮೌನ ಬರೆದುಕೊಟ್ಟಿದ್ರು, ಅದೂ ಹೋಯ್ತು" ಎಂದರು.

ಮೇ 19, ಭಾನುವಾರ

"ಸರ್ವನಾಶ"ದ ಮಧ್ಯೆ ಒಂದು ಜಾಗವಿದೆ. ಎಲ್ಲ ವಾದ್ಯಗಳೂ ನಿಲ್ಲುತ್ತವೆ. ನಿಧಾನಿ ಕೋಲುಗಳನ್ನು ಒಂದಕ್ಕೊಂದು ತಾಕಿಸಿ ನಾಲ್ಕು ಎಣಿಸುತ್ತಾನೆ. ಮುಂದಿನ ಒಂದರ ಮೇಲೆ ಎಲ್ಲರೂ ಕೂಡಿ ಬೀಳಬೇಕು, ಅದೇ ಏಟಿನ ಮೇಲೆ ಅಣ್ಣ "ಸರ್ವನಾಶ" ಎಂದು ಗುಟುರು ಹಾಕಬೇಕು. ಇಡೀ ಕಾರ್ಯಕ್ರಮ ಅದೊಂದು ಏಟಿನ ಮೇಲೆ ನಿಂತಿದೆ ಎಂದು ಅಣ್ಣ ಹೇಳುತ್ತಾನೆ. ನೆನಪಿರಲೆಂದು ರಟ್ಟಿನ ಮೇಲೆ ದೊಡ್ಡದಾಗಿ "1" ಎಂದು ಬರೆದು ಎದುರಿನ ಹಾಸಿಗೆಗೆ ಅಂಟಿಸಿದ್ದಾನೆ. ಮಧ್ಯಾಹ್ನ ಯಾರೋ ಗಿರಾಕಿ ಬಂದು ಮೊದಲನೇ ದರ್ಜೆಯ ಮಾಲು ಅದೇ ಇರಬೇಕೆಂದು ಕೊಂಡುಹೋದರು.

ಇವತ್ತು ಹತ್ತರಲ್ಲಿ ಏಳು ಸಲ ಬಿದ್ದೆವು. ಅಣ್ಣ ನನ್ನನ್ನು ನೋಡಿ, "ಪರವಾಗಿಲ್ವೇ ನೀನು" ಎಂದ. ಹಾಗಾದರೆ ನನ್ನ ಜಾಗ ಉಳಿಯಿತೇ ಎಂದು ಕೇಳಬೇಕೆಂದಿದ್ದೆ. ವಾದ್ಯದಂಗಡಿಯವನು ಮೂಲೆಯ ಹಾಸಿಗೆಯ ಮೇಲೆ ಕೂತು ನನ್ನ ಬೆರಳನ್ನೇ ನೋಡುತ್ತಿದ್ದ. ಅಣ್ಣನೇ ಕರೆದಿದ್ದನಂತೆ, "ಸುಮ್ನೆ, ಇರಲಿ ಅಂತ".

ಜೂನ್ 1, ಶನಿವಾರ, ಬೆಳಿಗ್ಗೆ

ಕಪ್ಪು ಅಂಗಿ ಇಸ್ತ್ರಿ ಮಾಡಿದೆ. ಎಲ್ಲರದೂ ನಾನೇ ಮಾಡಿದೆ. ವಾದ್ಯದಂಗಡಿಯವನಿಗೂ ಒಂದು ಅಂಗಿ ಇದೆ.

ಜೂನ್ 2, ಭಾನುವಾರ

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ. ಎಲ್ಲರೂ ಬೇರೆ ಬೇರೆ ಹೇಳುತ್ತಿದ್ದಾರೆ.

ಸಂಜೆ ಐದಕ್ಕೆ ಮಂದಿರದಲ್ಲಿ ಇನ್ನೂರು ಜನ. ಬಲಗಡೆ ಕಪ್ಪು ಅಂಗಿಯ ಯುವಕ ಯುವತಿಯರು, ನಮ್ಮನ್ನು ನೋಡಿ ಯಾರದೋ ಅಪ್ಪ ಅಮ್ಮ ಅಂದುಕೊಂಡವರು. ಎಡಗಡೆ ಟೋಪಿ ಪಕ್ಷ. ಬಣ್ಣಬಣ್ಣದ ಮೂವತ್ತು ಟೋಪಿಗಳು. ಪರದೆ ಎದ್ದ ಕೂಡಲೇ ಯಜಮಾನರ ಸನ್ನೆಗೆ ಮೂವತ್ತು ಜನರೂ ಎದ್ದು ನಮಗೆ ಬೆನ್ನು ಹಾಕಿ ನಿಂತರು. ಪ್ರತಿಭಟನೆ. ಟಿಕೆಟ್ಟು ತಗೊಂಡು ಬಂದು ಬೆನ್ನು ತೋರಿಸುವುದು ನಿಷ್ಠಾವಂತರಿಗೆ ಮಾತ್ರ ಸಾಧ್ಯ.

ವಾದ್ಯದಂಗಡಿಯವನು ಪರದೆಯ ಮರೆಯಲ್ಲಿ ತನ್ನ ಗಿಟಾರು ಹೆಗಲಿಗೇರಿಸಿ ನಿಂತಿದ್ದ. ನಾನು ಎರಡು ಹಾಡು ತಪ್ಪಿದರೆ ಅವನು ಒಳಗೆ ಬರುವುದು. ಇದನ್ನು ಅಣ್ಣ ನನಗೆ ಹೇಳಿದ್ದು ವೇದಿಕೆಯ ಮೆಟ್ಟಿಲ ಮೇಲೆ. ನಾನು ಎಂದಿನದನ್ನೇ ಹೇಳಿದೆ.

ಮೊದಲ ಹಾಡು ಹೇಗೋ ಮುಗಿಯಿತು. ಎರಡನೆಯದು "ಸರ್ವನಾಶ". ಬೆರಳು ತಪ್ಪಲಿಲ್ಲ. ಆ ಜಾಗ ಬಂತು. ಎಲ್ಲ ನಿಂತಿತು. ನಿಧಾನಿಯ ಕೋಲು: ಒಂದು, ಎರಡು, ಮೂರು, ನಾಲ್ಕು.

ಏನೂ ಇಲ್ಲ.

ಇಪ್ಪತ್ತೊಂದು ವರ್ಷದ ಅಭ್ಯಾಸ ಒಟ್ಟಿಗೆ ಬಂದು ನಾಲ್ವರ ಕೈಯನ್ನೂ ಹಿಡಿಯಿತು. ನಿಧಾನಿಯ ಕೋಲು ಗಾಳಿಯಲ್ಲಿ. ಅತ್ತಿಗೆಯ ಹತ್ತು ಬೆರಳು ಕೀಬೋರ್ಡಿನ ಮೇಲೆ ಒಂದಂಗುಲ. ಅಣ್ಣ ಗಿಟಾರಿಗೆ ಏಟು ಹಾಕಲಿಲ್ಲ, ಆದರೆ ಬಾಯಿ ತೆರೆದ. ಅದರಿಂದ ಬಂದದ್ದು ಸೈಕಲ್ ಚಕ್ರದ ಗಾಳಿ ಹೋದ ಸದ್ದು. ಇನ್ನೂರು ಜನರ ಮುಂದೆ ಆ ಖಾಲಿ ಜಾಗ ಅಷ್ಟಗಲ ಬಿದ್ದಿತ್ತು. ಅದನ್ನು ನಾನು ಚೆನ್ನಾಗಿ ಬಲ್ಲೆ. ಅಲ್ಲಿ ಸುಮ್ಮನಿರುವುದೇ ನನ್ನ ಕೆಲಸವಾಗಿತ್ತು.

ನನ್ನ ಮುಂದೆ ಹಿಮ್ಮೇಳಕ್ಕೆಂದು ಇಟ್ಟ ಮೈಕು ಇತ್ತು. ಅಣ್ಣನಿಗೆ ಸಹಾಯವಾಗಲಿ ಎಂದಷ್ಟೇ ಬಾಯಿ ತೆರೆದೆ. ಅವನ ಪದವನ್ನೇ ಹೇಳಬೇಕೆಂದಿದ್ದೆ. ಬಂದ ಪದ ಬೇರೆ.

"ಪರವಾಗಿಲ್ಲ!"

ಕೋಣೆಯೊಳಗೆ ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಮಂದಿರದಲ್ಲಿ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಕುರ್ಚಿಯ ಹಿಡಿಗಳು ನಡುಗಿದವಂತೆ. ನಿಧಾನಿ ಬೆಚ್ಚಿ ಕೋಲು ಬೀಳಿಸಿದ, ಅದು ಬಿದ್ದದ್ದು ತಾಳದ ತಟ್ಟೆಯ ಮೇಲೆ, ಸರಿಯಾಗಿ ಮೂರಕ್ಕೆ. ಕಪ್ಪು ಅಂಗಿಗಳು ಎದ್ದು ನಿಂತವು. ಮುಂದಿನ ಸುತ್ತಿನಲ್ಲಿ ಮತ್ತೆ ಒಂದರ ಮೇಲೆ ಎಲ್ಲರೂ ಸುಮ್ಮನೆ, ಮತ್ತೆ ನಾನು. ಮೂರನೇ ಸಲ ಬಲಗಡೆಯವರೆಲ್ಲ ಸೇರಿ ಕೂಗಿದರು: ಪರವಾಗಿಲ್ಲ! ಅಣ್ಣ ಬಾಯಿ ಮುಚ್ಚಿ ಗಿಟಾರು ನುಡಿಸಿದ. ನಾನು ಬಿಡುವಿದ್ದಲ್ಲೆಲ್ಲ ಊಟ ಮೊದಲು ಮಾಡಿ, ಹಿಂದಿನ ಸೀಟು, ನನಗೇನೂ ಬೇಡ, ಎಲ್ಲ ಹೇಳಿದೆ. ಒಂದು ಹುಡುಗಿ ಅಳುತ್ತಿದ್ದಳು. ಯಾಕೋ ತಿಳಿಯದು, ಅವಳಿಗೆ ಇಪ್ಪತ್ತೂ ಇರಲಾರದು.

ಟೋಪಿಯವರು ಒಬ್ಬೊಬ್ಬರಾಗಿ ತಿರುಗಿದರು. ಕೊನೆಗೆ ತಿರುಗಿದವರು ಯಜಮಾನರು. ಆಮೇಲೆ ವೇದಿಕೆಯ ಹಿಂದೆ ಬಂದು, ಟೋಪಿ ಕೈಯಲ್ಲಿ ಹಿಡಿದು ಹೇಳಿದರು: "ಇಪ್ಪತ್ತೊಂದು ವರ್ಷ ಎಷ್ಟು ಚೆನ್ನಾಗಿದ್ರಿ ನೀವು. ಇವತ್ತು ಕೇಳಿಸಿಬಿಟ್ರಲ್ಲ."

ಅಣ್ಣ ಗಿಟಾರಿನ ವೈರು ಸುತ್ತತೊಡಗಿದ. ಏನಾದರೂ ಹೇಳಲು ದನಿ ಇರಲಿಲ್ಲ. ವಾದ್ಯದಂಗಡಿಯವನು ಬಂದು ನನ್ನನ್ನು "ಅಮ್ಮಾ" ಎಂದು ಕರೆದು, ತನ್ನ ಗಿಟಾರಿನ ಮೇಲೆ ಸಹಿ ಮಾಡಿ ಎಂದ.

ಜೂನ್ 12, ಬುಧವಾರ

ಅಣ್ಣ ಈಗ ಪೂರ್ತಿ ಮೌನ. ಬೇಕಾದ್ದನ್ನು ಸಣ್ಣ ಪುಸ್ತಕದಲ್ಲಿ ಬರೆದು ತೋರಿಸುತ್ತಾನೆ. ಅತ್ತಿಗೆ ಕನ್ನಡಕ ಸಿಕ್ಕುತ್ತಿಲ್ಲ ಎನ್ನುತ್ತಾರೆ.

ಇನ್ನೆರಡು ಕಡೆಯಿಂದ ಕರೆ ಬಂದಿದೆ. ಅಣ್ಣನ ಗಂಟಲು ಸರಿಯಾಗುವವರೆಗೆ ಮಾತ್ರ ಎಂದು ಒಪ್ಪಿಕೊಂಡೆ. ಒಂದನ್ನು ಖಾಲಿ ಬಿಟ್ಟು ಅಲ್ಲಿ ಗುಟುರು ಹಾಕುವ ಮೆಟಲ್ ಬೇರೆ ಎಲ್ಲೂ ಇಲ್ಲವಂತೆ. ಪತ್ರಿಕೆಯಲ್ಲಿ ಯಾರೋ "ದಿಟ್ಟ ಪ್ರಯೋಗ" ಎಂದು ಬರೆದಿದ್ದಾರೆ. ನಿಧಾನಿ ಆ ತುಂಡನ್ನು ಕತ್ತರಿಸಿ ಲಿಫ್ಟಿನೊಳಗೆ ಅಂಟಿಸಿದ್ದಾನೆ. ಸಿಕ್ಕಿಕೊಂಡವರಿಗೆ ಓದಲು ಏನಾದರೂ ಬೇಕಲ್ಲ ಎನ್ನುತ್ತಾನೆ.

ಜೂನ್ 30, ಭಾನುವಾರ

ಅಭ್ಯಾಸಕ್ಕೆ ನಿಧಾನಿ ಎಂಟು ನಿಮಿಷ ತಡವಾಗಿ ಬಂದು ಕಾಫಿ ಹಿಡಿದು ಕೂತ. ಹೇಳಿದೆ. ಸ್ವಲ್ಪ ಜೋರಾಗಿ ಹೇಳಿದೆನೋ ಏನೋ, ಈ ಸಲ ಕಾಫಿ ಬಿಟ್ಟು ಎದ್ದ.

ಮನೆಯಲ್ಲಿ ಇವರು ಯಾವಾಗ ಊಟ ಎಂದು ಕೇಳಿದರು. ನಾನು ಊಟ ಮಾಡಿಯಾಗಿತ್ತು.

ಡಾಕ್ಟರು ಅಣ್ಣನಿಗೆ ಇನ್ನೊಂದು ತಿಂಗಳು ಮೌನ ಹೇಳಿದರೆ ಒಳ್ಳೆಯದು. ಅವನ ಆರೋಗ್ಯದ ದೃಷ್ಟಿಯಿಂದ.

ಜುಲೈ 14, ಭಾನುವಾರ

ಅಣ್ಣನ ಗಂಟಲು ವಾಸಿಯಾಗಿದೆ. ಹತ್ತು ದಿನದ ಹಿಂದೆಯೇ ಆಗಿತ್ತಂತೆ. ಡಾಕ್ಟರು ನನಗೆ ಹೇಳಿದ್ದರು, ನಾನು ಅವನಿಗೆ ಹೇಳಲು ಮರೆತಿದ್ದೆ.

ಅಭ್ಯಾಸ ಮುಗಿದ ಮೇಲೆ ಅವನೇ ನನ್ನನ್ನು ಹಾಸಿಗೆಗಳ ಮರೆಗೆ ಕರೆದ. ಹೊಸ ದನಿ, ತೆಳ್ಳಗಿದೆ. "ಪುಟ್ಟಿ, ನಾನು ಯೋಚನೆ ಮಾಡಿದೆ. ಸಾಕು ಈ ಮೆಟಲ್ಲು. ಎಲ್ಲಾರೂ ನಮ್ಮ ಹಳೇದಕ್ಕೇ ಹೋಗೋಣ. ಹೋಟೆಲಿನವರು ಕರೀತಿದಾರೆ."

ನಾನು ಸಾವಧಾನವಾಗಿ ವಿವರಿಸಿದೆ. ಹೋಟೆಲಿಗೆ ಅವನೂ ಅತ್ತಿಗೆಯೂ ಹೋಗಬಹುದು, ಭಾನುವಾರ ಮಧ್ಯಾಹ್ನ ನಮಗೆ ಅಭ್ಯಾಸ ಇರುತ್ತದೆ. ನಿಧಾನಿ ಇಲ್ಲೇ ಇರುತ್ತಾನೆ. ತಂಡದಲ್ಲಿ ಉಳಿಯುವುದಾದರೆ ಗಿಟಾರಿಗೆ ಜಾಗವಿದೆ, ಆದರೆ ಕಳೆದ ಎರಡು ಕಾರ್ಯಕ್ರಮದಲ್ಲಿ ಅವನು ನಾಲ್ಕು ಸಲ ಒಂದರ ಮೇಲೆ ಬಂದು ಬಿದ್ದ. ಅಲ್ಲಿ ಖಾಲಿ ಇರಬೇಕು. ಅಲ್ಲಿ ನಾನು ಬರುತ್ತೇನೆ. ಇಷ್ಟು ವರ್ಷವಾದರೂ ಅವನಿಗೆ ಅಲ್ಲಿ ಸುಮ್ಮನಿರಲು ಬರುವುದಿಲ್ಲ ಎಂದರೆ ಆಶ್ಚರ್ಯ. ವಾದ್ಯದಂಗಡಿಯವನು ಗಿಟಾರನ್ನೂ ನುಡಿಸುತ್ತಾನೆ. ಅಕ್ಟೋಬರಿನವರೆಗೆ ನೋಡೋಣ ಎಂದೆ.

ಅವನು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಉಗುರಿನಿಂದ ಒಂದು ಗೆರೆ ಎಳೆದ.

"ಪರವಾಗಿಲ್ಲ" ಎಂದ.

ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಒಳ್ಳೆಯ ಸ್ವಭಾವ ಅವನದು, ಮೊದಲಿನಿಂದಲೂ.